ಹನ್ನೊಂದು ಸೆಕೆಂಡು

ತಿಂಗಳ ಮೊದಲ ಭಾನುವಾರ, ನಸುಕಿನ ನಾಲ್ಕಕ್ಕೆ,
ಲೇಗೋಸ್ ಮಗ್ಗುಲು ಬದಲಿಸುವ ಹೊತ್ತಿಗೆ,
ನಾನೇ ಕೈಯಾರೆ ಕರೆಂಟು ತೆಗೆಯುತ್ತೇನೆ.
ಬೀಗದ ಕೈ ನನ್ನದು. ಸಹಿ ನನ್ನದು.

ಆಮೇಲೆ ಹನ್ನೊಂದು ಸೆಕೆಂಡು.
ಊರ ತಂತಿ ಸತ್ತು ನಮ್ಮ ಜನರೇಟರು ಎದ್ದೇಳುವ ನಡುವೆ
ಇಡೀ ಕಟ್ಟಡ ಬ್ಯಾಟರಿಯ ಸಾಲದಲ್ಲಿ ಬದುಕುತ್ತದೆ.

ಒಳಗೆ ನಾಲ್ಕು ಸಾವಿರ ಪೆಟ್ಟಿಗೆ:
ಯಾರದೋ ಸಂಬಳ, ಯಾರದೋ ಎದೆಯ ಎಕ್ಸ್-ರೇ,
ಅಬಾದಲ್ಲಿ ಚಪ್ಪಲಿ ಮಾರುವವಳ ಬಾಕಿ ಲೆಕ್ಕ,
ಮುರಿದ ಮದುವೆಯ ಫೋಟೋಗಳು, ಅಳಿಸಲು ಯಾರಿಗೂ ಮನಸ್ಸಾಗದವು.
ನನಗೆ ಇವು ಯಾವುವೂ ಕಾಣುವುದಿಲ್ಲ.
ನನಗೆ ಗೊತ್ತಾಗುವುದು ಬಿಸಿ.
ಮೂರನೇ ಸಾಲಿನ ಬಾಗಿಲಿಗೆ ದಿನವೂ ಹಿಂಗೈ ಒತ್ತಿ ನೋಡುತ್ತೇನೆ,
ಶಾಲೆ ತಪ್ಪಿಸಲು ಮಲಗಿದ ಮಗುವಿನ ಹಣೆ ನೋಡುವ ಹಾಗೆ.
ಸೆನ್ಸರ್ ಇದೆಯಲ್ಲ ಮೇಡಂ, ನಗುತ್ತಾನೆ ಎಹಿಗಿಯೆ.
ಇದೆಯಪ್ಪ. ಕೈಯೂ ಇದೆ.

ಸೇತುವೆಯಾಚೆ, ಮುಶಿನ್‌ನಲ್ಲಿ ನನ್ನ ಮನೆ.
ಅಲ್ಲಿ ಕರೆಂಟು ದೂರದ ನೆಂಟ;
ಹೇಳದೆ ಬರುತ್ತದೆ, ಎಲೆ ಹಾಕುವಷ್ಟರಲ್ಲಿ ಎದ್ದು ಹೋಗುತ್ತದೆ.
ಬಂದಾಗ ಓಣಿಯ ಮಕ್ಕಳೆಲ್ಲ ಒಂದೇ ಗಂಟಲಲ್ಲಿ
‘ಅಪ್ ನೆಪಾ!’ ಎಂದು ಕೂಗುತ್ತಾರೆ.
ಆ ಹೆಸರಿನ ಕಂಪನಿ ಇವರು ಹುಟ್ಟುವ ಮೊದಲೇ ಹೋಯಿತು.
ಕೂಗು ಮಾತ್ರ ಕತ್ತಲಲ್ಲಿ ಬಾಯಿಂದ ಬಾಯಿಗೆ ದಾಟಿ ಬಂದಿದೆ.

ಟಾರ್ಚು ಹಲ್ಲಲ್ಲಿ ಕಚ್ಚಿಕೊಂಡು ಭಿನ್ನರಾಶಿ ಬಿಡಿಸುತ್ತಿದ್ದ
ನನ್ನ ಮಗಳು ಟೊನ್ಯೆ ಒಮ್ಮೆ ಕೇಳಿದಳು:
ನಿನ್ನ ಆಫೀಸಲ್ಲಿ ದಿನಕ್ಕೆ ಎಷ್ಟು ಸಲ ಹೋಗುತ್ತೆ?
ಹೋಗುವುದೇ ಇಲ್ಲ, ಅಂದೆ.
ಟಾರ್ಚು ಬಾಯಿಂದ ತೆಗೆದಳು.
ಹಾಗಾದರೆ ಅಲ್ಲಿ ಯಾರು ವಾಸ ಮಾಡ್ತಾರೆ?

ಈ ಭಾನುವಾರ
ಹನ್ನೊಂದು ಆಯಿತು. ಹನ್ನೆರಡು.
ಹದಿಮೂರಕ್ಕೆ ಜನರೇಟರು ಕೆಮ್ಮಿತು,
ಬಿಳಿ ಹೊಗೆ ಉಗುಳಿ ಸುಮ್ಮನಾಯಿತು.
ಅದರ ಜೋಡಿಯೂ ಹಾಗೆಯೇ.
ಪರೀಕ್ಷೆ ಸಾಕು, ಊರ ತಂತಿಗೇ ಮರಳೋಣ ಎಂದು ಕೈ ಹಾಕಿದರೆ
ಅದೇ ಗಳಿಗೆಯಲ್ಲಿ ಊರಿನದೂ ಹೋಗಿತ್ತು.
ನಗು ಬಂತು ನನಗೆ, ನಿಜವಾಗಿ.
ಬ್ಯಾಟರಿ: ಆರು ನಿಮಿಷ.

ಎಹಿಗಿಯೆ ಮಾತಾಡಲಿಲ್ಲ. ಅಂಗಿ ಬಿಚ್ಚಿ ನೆಲಕ್ಕೆಸೆದು
ಫಿಲ್ಟರಿನ ಬುಡದ ಬಟ್ಟಲು ತಿರುಚಿದ.
ಡೀಸೆಲ್ ಅಲ್ಲ, ನೀರು ಬಂತು; ತಿಳಿಯಾಗಿ, ಬೇಕಾದಷ್ಟು.
ನಾನು ಮೊಣಕಾಲೂರಿ ಹಳೆಯ ತೊಟ್ಟಿಯ ನಲ್ಲಿ ತಿರುಗಿಸಿದೆ.
ಅವನು ಕೈಪಂಪು ಒತ್ತಿದ, ಒತ್ತಿದ, ಒತ್ತಿದ,
ಅವನ ಬೆನ್ನ ಮೇಲೆ ಬೆವರಿನ ದಾರಿಗಳು,
ಮೇಲೆ ಒಂದೊಂದೇ ಫ್ಯಾನು ನಿಧಾನವಾಗುವ ಸದ್ದು.
ಐದನೇ ನಿಮಿಷದಲ್ಲಿ ಎಲ್ಲೋ ಏನೋ ಹತ್ತಿಕೊಂಡು
ನೆಲ ನಡುಗಿತು.
ಅಷ್ಟು ಚೆಂದದ ಗದ್ದಲ ನಾನು ಕೇಳಿಲ್ಲ.

ಬೆಳಗಾದ ಮೇಲೆ ಅಳತೆಕೋಲಿಗೆ ಕಂದು ಮುಲಾಮು ಬಳಿದು
ಹೊಸ ತೊಟ್ಟಿಗೆ ಇಳಿಸಿದೆವು.
ನೀರು ತಾಗಿದಷ್ಟೂ ಅದು ಕೆಂಪಾಗುತ್ತದೆ.
ನಾಲ್ಕು ಬೆರಳು ಕೆಂಪು.
ಗುರುವಾರದ ಟ್ಯಾಂಕರು. ಡ್ರೈವರ್ ಲಾಸಿಸಿ.
ಜೋರು ಮಳೆ, ಊರಲ್ಲೆಲ್ಲ ಡೀಸೆಲ್ ಬರ,
ಟೊನ್ಯೆಯ ಶಾಲೆಯಲ್ಲಿ ನಾಟಕ, ಅವಳು ಮರದ ಪಾತ್ರ;
ಕೋಲು ಇಳಿಸದೆ ರಸೀದಿಗೆ ಸಹಿ ಹಾಕಿ ಓಡಿದ್ದೆ.

ಲಾಸಿಸಿ ಕಳ್ಳ ಅನ್ನಬಹುದು, ಎಹಿಗಿಯೆ ಮೆಲ್ಲಗೆ ಹೇಳಿದ.
ಅವನು ಕಳ್ಳನೇ.
ವರದಿಯಲ್ಲಿ ‘ಕಾರಣ’ ಎಂಬ ಖಾನೆ ಒಂದೇ ಸಾಲಿನದು.
ಬರೆದೆ: ಮ್ಯಾನೇಜರ್ ಅಳೆದು ನೋಡಲಿಲ್ಲ.
ಕೆಳಗೆ ಕೆಂಪು ಮೆತ್ತಿದ ಬೆರಳಿನಿಂದಲೇ ಸಹಿ.

ಸೇತುವೆ ದಾಟುವಾಗ ಲಗೂನಿನ ದೋಣಿಗಳು ದೀಪ ಆರಿಸುತ್ತಿದ್ದವು.
ಓಣಿಗೆ ತಿರುಗಿದೆ. ಇಸ್ತ್ರಿಯಾಗದ ಚರ್ಚಿನ ಬಟ್ಟೆಯಲ್ಲಿ
ಮಕ್ಕಳು ಮೆಟ್ಟಿಲ ಮೇಲೆ ಕೂತಿದ್ದರು.
ಆಗ ಬಂತು:
ಎಲ್ಲ ಕಿಟಕಿಗಳಲ್ಲಿ ಒಟ್ಟಿಗೆ ಬಲ್ಬು, ರೇಡಿಯೋ, ನೀರಿನ ಮೋಟರು,
ಮತ್ತು ಆ ಕೂಗು.
ಕಾರಿನ ಗಾಜು ಏರಿಸಿಕೊಂಡು ನಾನೂ ಕೂಗಿದೆ,
ಕೂಗಿ,
ಅಭ್ಯಾಸ ಬಿಡದೆ ಎಣಿಸತೊಡಗಿದೆ,
ಒಂದು, ಎರಡು,
ಮೂರು.